ಗ್ರಾಫಿಕಲ್ ಅಡ್ಮಿನ್ ಟೂಲ್‌ಗಳನ್ನು ಸರಿಯಾಗಿ ಶುರು ಮಾಡುವುದು ಹೇಗೆ?

ಲಿನಕ್ಸ್‌ನಲ್ಲಿ ಜಿಪಾರ್ಟೆಡ್ (ಡಿಸ್ಕ್ ವಿಭಾಗಿಸುವ ಟೂಲ್) ಥರದ ಟೂಲ್‌ಗಳನ್ನು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ತೆರೆಯುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ನಿಮ್ಮ ಹೋಮ್ ಫೋಲ್ಡರ್‌ನ ಸೆಟ್ಟಿಂಗ್ ಫೈಲ್‌ಗಳು ರೂಟ್ (ಪೂರ್ಣ ಅಧಿಕಾರದ ಅಡ್ಮಿನ್ ಖಾತೆ) ಹೆಸರಿಗೆ ಹೋಗಿಬಿಡಬಹುದು, ಆಮೇಲೆ ಲಾಗಿನ್ನೇ ಕೈಕೊಟ್ಟರೂ ಕೊಟ್ಟೀತು. ಮೆನುವಿನಿಂದಲೇ ತೆರೆಯಿರಿ, ಅಡ್ಮಿನ್ ಅನುಮತಿ ನೋಡಿಕೊಳ್ಳುವ ಪೋಲ್ಕಿಟ್ ಪಾಸ್‌ವರ್ಡ್ ಕೇಳುತ್ತದೆ.

ಯಾರ ಪಾಸ್‌ವರ್ಡ್ ಅಂದರೆ, ನೀವು ಅಡ್ಮಿನ್ ಗುಂಪಿನಲ್ಲಿದ್ದರೆ (ಫೆಡೋರಾದಲ್ಲಿ ವ್ಹೀಲ್, ಉಬುಂಟುವಿನಲ್ಲಿ ಸುಡೊ) ನಿಮ್ಮದೇ. ಗುಂಪಿಗೆ ಈಗಷ್ಟೇ ಸೇರಿಸಿದ್ದರೆ ಒಮ್ಮೆ ಲಾಗೌಟ್ ಆಗಿ ಬನ್ನಿ.

ಪಾಸ್‌ವರ್ಡ್ ಕಿಟಕಿಯೇ ಬರಲಿಲ್ವಾ? ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳಲ್ಲಿ ಆ ಕಿಟಕಿ ತೋರಿಸುವ ಪೋಲ್ಕಿಟ್ ಏಜೆಂಟ್ ತಾನೇ ಓಡುತ್ತಿರುತ್ತದೆ, ಆದರೆ ಓಪನ್‌ಬಾಕ್ಸ್‌ನಂಥ ಹಗುರ ವಿಂಡೋ ಮ್ಯಾನೇಜರ್‌ಗಳಲ್ಲಿ ಅದನ್ನು ನೀವೇ ಇನ್‌ಸ್ಟಾಲ್ ಮಾಡಿ ಆಟೋಸ್ಟಾರ್ಟ್‌ಗೆ ಸೇರಿಸಬೇಕು.

ನಿಮ್ಮದೇ ಪ್ರೋಗ್ರಾಂ ಅನ್ನು ಪೋಲ್ಕಿಟ್‌ನ ಪಿಕೆಎಕ್ಸೆಕ್ ಕಮಾಂಡ್‌ನಿಂದ ತೆರೆದಾಗ ಡಿಸ್‌ಪ್ಲೇ ಸಿಗುತ್ತಿಲ್ಲ ಅಂತ ಎರರ್ ಬಂದರೆ ಗಾಬರಿ ಬೇಡ, ಪಿಕೆಎಕ್ಸೆಕ್ ಡಿಸ್‌ಪ್ಲೇ ವಿವರಗಳನ್ನು ಬೇಕೆಂದೇ ತಡೆಯುತ್ತದೆ. ಆ ಪ್ರೋಗ್ರಾಂಗೆ ಒಂದು ಪೋಲ್ಕಿಟ್ ಪಾಲಿಸಿ ಫೈಲ್ ಬರೆದು, ಅದರಲ್ಲಿ ಗ್ರಾಫಿಕಲ್ ಅನುಮತಿಯ ಸಾಲು ಸೇರಿಸಿ. ಸುಮ್ನೆ ಒಂದು ಸಿಸ್ಟಂ ಫೈಲ್ ತಿದ್ದಬೇಕಷ್ಟೇ ಅಂದರೆ ಇದ್ಯಾವುದೂ ಬೇಡ, ಸುಡೊಎಡಿಟ್ ಕಮಾಂಡ್ ಸಾಕು.