ಸರಳೆ ಹೇಳಿಕೊಡೋದು ಅಷ್ಟು ಸರಳ ಅಲ್ಲ

ನಾನು ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿ 14 ವರ್ಷ ಆಗಿತ್ತು. ಆಮೇಲೆ ಬ್ಯಾಂಕ್ ಕೆಲಸ, ಮದುವೆ, ಮಗು. ಹಾಡುತ್ತಿದ್ದುದು ಗೌರಿ ಹಬ್ಬಕ್ಕೆ, ಯಾರದೋ ಮನೆಯ ಆರತಿಗೆ ಅಷ್ಟೆ. ಹೀಗಿರುವಾಗ ಎದುರು ಮನೆಯವರು "ನಮ್ಮ ಹುಡುಗಿಗೆ ಸ್ವಲ್ಪ ಸಂಗೀತ ಹೇಳಿಕೊಡ್ತೀರಾ?" ಎಂದು ಕೇಳಿದರು. ವಿಜಯದಶಮಿಗೆ ಶುರು ಮಾಡೋಣ ಎಂದೆ. ದಿನ ಚೆನ್ನಾಗಿದೆ ಅನ್ನುವುದು ಒಂದು. ತಯಾರಾಗಲು ಹದಿನೈದು ದಿನ ಸಿಗಲಿ ಅನ್ನುವುದು ಒಳಗಿನ ಲೆಕ್ಕ.

ಮೊದಲ ದಿನ ಹುಡುಗಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನಮಸ್ಕಾರ ಮಾಡಿದಳು. ನಾನೋ, ನಾದ ಎಂದರೇನು, 72 ಮೇಳಕರ್ತ (ಮೂಲ ರಾಗಗಳು) ಎಂದರೇನು ಅಂತ ಅರ್ಧ ಗಂಟೆ ಕೊರೆದೆ. ಒಂಬತ್ತು ವರ್ಷದ ಮಗು, ಪಾಪ, ತಲೆ ಆಡಿಸಿತು. ಕೊನೆಗೆ "ಆಂಟಿ, ಹಾಡೋದು ಯಾವಾಗ?" ಎಂದಿತು.

ಮುಂದಿನ ವಾರ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ. ಪುರಂದರದಾಸರ ಕಾಲದಿಂದ ಬಂದ ಪದ್ಧತಿ ಎಂದು ನಾವೆಲ್ಲ ಮಾಯಾಮಾಳವಗೌಳ ರಾಗದಿಂದಲೇ ಶುರು ಮಾಡುತ್ತೇವಲ್ಲ. ಅದರಲ್ಲಿ ರಿ, ಸ ಪಕ್ಕದಲ್ಲೇ ಅಂಟಿಕೊಂಡಿದೆ. ರಿಯಿಂದ ಗಗೆ ಮಾತ್ರ ದೊಡ್ಡ ನೆಗೆತ. ಹುಡುಗಿಗೆ ಶಾಲೆಯಲ್ಲಿ ಕೀಬೋರ್ಡ್ ಅಭ್ಯಾಸ. ಅವಳ ರಿ ಮೇಲೆ ಮೇಲೆ ಹೋಗಿ ಎಲ್ಲ, ರಿ ಇನ್ನೂ ಮೇಲಿರುವ ಶಂಕರಾಭರಣ ರಾಗದ ಥರ ಕೇಳುತ್ತಿತ್ತು. ನಾನು ಸಾಲು ಹತ್ತು ಸಲ ಹಾಡಿದೆ. ಅವಳೂ ಹತ್ತು ಸಲ ಹಾಡಿದಳು, ಹತ್ತೂ ಸಲ ಅದೇ ರಿ. ಸೋತು ನಮ್ಮ ಮೇಷ್ಟ್ರಿಗೆ ಫೋನ್ ಮಾಡಿದೆ. "ಅಲ್ಲಮ್ಮಾ, ಸಾಲು ಪೂರ್ತಿ ಯಾಕೆ ಹಾಡ್ತೀಯ? ಸ-ರಿ-ಸ, ಮೂರೇ ಹಾಡಿಸು" ಎಂದರು.

ಹಾಡಿಸಿದೆ. ಸ-ರಿ-ಸ, ಸ-ರಿ-ಸ, ಶ್ರುತಿ ಬಿಡದೆ, ಕಣ್ಣು ಮುಚ್ಚಿಸಿ. ಎರಡು ಕ್ಲಾಸ್ ಅದೇ ಕೆಲಸ. ಮೂರನೆಯದರಲ್ಲಿ ರಿ ಕೂತಿತು. ಆಮೇಲೆ ನನಗೇ ಹೊಳೆಯಿತು: ಮೇಲಿನ ಅರ್ಧವೂ ಅದೇ ಅಚ್ಚು. ಪ-ದ ಪಕ್ಕಪಕ್ಕ, ದ-ನಿ ದೂರ. ಅಲ್ಲಿ ಜಾಸ್ತಿ ಕಷ್ಟ ಆಗಲಿಲ್ಲ. ಇಷ್ಟು ವರ್ಷ ಹಾಡಿಯೂ ನಾನು ಇದನ್ನು ಗಮನಿಸಿರಲಿಲ್ಲ ನೋಡಿ.

ತಾಳ ಇನ್ನೊಂದು ಕಥೆ. ಹಾಡು, ಕೈ ಎರಡನ್ನೂ ಒಟ್ಟಿಗೆ ಕೇಳಿದರೆ ಮಕ್ಕಳು ಒಂದನ್ನು ಬಿಡುತ್ತಾರೆ. ಈಗ ಮೊದಲು ಬರೀ ಆದಿತಾಳ. ತಟ್ಟಿ, ಕಿರುಬೆರಳಿಂದ ಮೂರು ಬೆರಳು ಎಣಿಸಿ, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ. ಬಾಯಲ್ಲಿ ಒಂದರಿಂದ ಎಂಟು. ಕೈ ತಾನೇ ಓಡಲು ಶುರುವಾದ ಮೇಲೆ ಸ್ವರ.

ಎರಡನೇ ಶಿಷ್ಯರು ರಿಟೈರ್ ಆದ ಒಬ್ಬ ಹಿರಿಯರು. ಅವರನ್ನೂ ನನ್ನ ದನಿಯ ಎತ್ತರವಾದ ಜಿ ಶ್ರುತಿಗೇ ಕೂರಿಸಿದ್ದು ನನ್ನ ತಪ್ಪು. ಮೇಲಿನ ಸ ಮುಟ್ಟುವಷ್ಟರಲ್ಲಿ ಅವರಿಗೆ ಕೆಮ್ಮು. ಸಿ ಶ್ರುತಿಗೆ ಇಳಿಸಿದ ಮೇಲೆ ದನಿ ಬಿಚ್ಚಿತು. "ಮೇಡಂ, ನನಗೆ ದೇವರನಾಮ ಸಾಕು" ಎಂದರು. ಮಕ್ಕಳಿಗಾದರೆ ಒಪ್ಪುತ್ತಿರಲಿಲ್ಲ. ಅವರಿಗೆ ಒಂದು ತಿಂಗಳು ಸರಳೆ ಹಾಡಿಸಿ, ಸೀದಾ ದೇವರನಾಮಕ್ಕೆ ಹೋದೆ.

ದುಡ್ಡು ಕೇಳೋದು ಎಲ್ಲಕ್ಕಿಂತ ಕಷ್ಟ. ಮೊದಲ ಮೂರು ತಿಂಗಳು ಬಾಯೇ ಬರಲಿಲ್ಲ. ಒಬ್ಬರು "ಮನೇಲಿ ಕೂತು ಹಾಡೋದಕ್ಕೂ ಫೀಸಾ?" ಅಂತ ನಕ್ಕರು. ನಾನೂ ನಕ್ಕೆ, ರಾತ್ರಿ ಸಿಟ್ಟು ಬಂತು. ಈಗ ನಾಲ್ಕು ಕ್ಲಾಸಿಗೆ 800 ರೂಪಾಯಿ, ತಿಂಗಳ ಮೊದಲ ವಾರವೇ. ನಾನು ರಜೆ ಹಾಕಿದರೆ ಇನ್ನೊಂದು ದಿನ ಕ್ಲಾಸ್, ಅವರು ಬರದಿದ್ದರೆ ಇಲ್ಲ. ಮೊದಲ ದಿನವೇ ಹೇಳಿಬಿಡುತ್ತೇನೆ.

ಶನಿವಾರ ಮೂವರು, ಭಾನುವಾರ ನಾಲ್ವರು. ಮೊದಮೊದಲು ಎಲ್ಲರ ಜೊತೆ ನಾನೂ ಹಾಡಿ, ಸೋಮವಾರ ಕೌಂಟರಿನಲ್ಲಿ ಗಂಟಲು ಕಟ್ಟಿರುತ್ತಿತ್ತು. ಈಗ ಒಂದು ಸಲ ಹಾಡಿ ಸುಮ್ನಾಗುತ್ತೇನೆ, ಉಳಿದದ್ದು ಅವರೇ ಹಾಡಬೇಕು. ಹಾಗೆ ಸುಮ್ನೆ ಕೂತಾಗಲೇ ತಪ್ಪು ಸರಿಯಾಗಿ ಕೇಳಿಸೋದು.

ಎದುರು ಮನೆ ಹುಡುಗಿ ಈಗ ಗೀತೆಗೆ, ಅಂದರೆ ಮೊದಲ ಪುಟ್ಟ ಹಾಡುಗಳಿಗೆ, ಬಂದಿದ್ದಾಳೆ. ಮಲಹರಿ ರಾಗ. ರಿ ಅದೇ, ಜಾರುತ್ತಿಲ್ಲ. ಆದರೆ ಇಲ್ಲಿ ಹತ್ತುವಾಗ ಗ ಬಿಟ್ಟು ಮಗೆ ಹೋಗಬೇಕು. ಅವಳು ಬಿಡ್ತಾ ಇಲ್ಲ.