ದೇವರು ಸಂಗಡ ಇದ್ದಾನೆಂದು ನಂಬಿ ದಿನ ನಡೆಸುವುದು ಹೇಗೆ?

ಪ್ರಾರ್ಥಿಸುವಾಗ ಏನೂ ಅನ್ನಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಾರ್ಥನೆ ಬಿಟ್ಟವರು ಎಲ್ಲ ಸಭೆಗಳಲ್ಲೂ ಇದ್ದಾರೆ. ಭಾನುವಾರ ಹಾಡುವಾಗ ಕಣ್ಣು ತುಂಬಿ ಬಂದರೆ ದೇವರು ಹತ್ತಿರ, ಸೋಮವಾರ ಬಸ್ಸಿನ ನೂಕುನುಗ್ಗಲಲ್ಲಿ ಮನಸ್ಸು ಒಣಗಿದ್ದರೆ ದೇವರು ದೂರ ಎಂಬ ಲೆಕ್ಕ ನಮ್ಮದು, ದೇವರದಲ್ಲ. ಯುಗದ ಸಮಾಪ್ತಿಯವರೆಗೂ ಎಲ್ಲ ದಿವಸ ನಿಮ್ಮ ಸಂಗಡ ಇರುತ್ತೇನೆ ಎಂದು ಯೇಸು ಮಾತು ಕೊಟ್ಟದ್ದು ಮತ್ತಾಯ 28:20ರಲ್ಲಿ. ಆ ಮಾತು ಹೇಳಿದ ಬೆಟ್ಟದ ಮೇಲೆಯೇ ಶಿಷ್ಯರಲ್ಲಿ ಕೆಲವರು ಸಂದೇಹಪಟ್ಟರೆಂದು 17ನೇ ವಚನ ಹೇಳುತ್ತದೆ. ಸಂದೇಹಪಟ್ಟವರನ್ನು ಬೇರೆ ನಿಲ್ಲಿಸಿ ಆತನು ಆ ಮಾತು ಹೇಳಲಿಲ್ಲ. ಆದ್ದರಿಂದ ಅನ್ನಿಸಿಕೆಗಾಗಿ ಕಾಯಬೇಡಿ. ಕೊಟ್ಟ ಮಾತನ್ನು ಹಿಡಿದುಕೊಂಡು ಶುರುಮಾಡಿ.

ಒಂದು ವಾಗ್ದಾನ, ಒಂದು ವಾರ

ದಿನಕ್ಕೊಂದು ಹೊಸ ವಚನ ಓದಿದರೆ ಯಾವುದೂ ಒಳಗಿಳಿಯುವುದಿಲ್ಲ. ವಾರಕ್ಕೆ ಒಂದೇ ಸಾಕು. ಈಗ ನಿಮ್ಮನ್ನು ಕಾಡುತ್ತಿರುವುದು ಯಾವುದೋ ಅದಕ್ಕೆ ಹೊಂದುವುದನ್ನು ಆರಿಸಿ. ಭಯವಿದ್ದರೆ ಯೆಶಾಯ 41:10. ಹೊಸ ಊರು, ಹೊಸ ಕೆಲಸ, ಹೊಸ ಜವಾಬ್ದಾರಿಯಾದರೆ ಯೆಹೋಶುವ 1:9. ಕಾಯಿಲೆ, ಸಾವು ಹತ್ತಿರವಿದ್ದರೆ ಕೀರ್ತನೆ 23:4. ತಪ್ಪು ಮಾಡಿ ದೇವರಿಂದ ಮುಖ ಮರೆಸಿಕೊಳ್ಳುವ ಹಾಗಾಗಿದ್ದರೆ ಕೀರ್ತನೆ 139ರ ಮೊದಲ 12 ವಚನ. ಸಾಲ, ಬಾಡಿಗೆ, ತಿಂಗಳ ಕಂತಿನ ಚಿಂತೆಯಾದರೆ ಇಬ್ರಿಯ 13:5. ‘ಎಂದಿಗೂ ಕೈಬಿಡುವುದಿಲ್ಲ’ ಎಂಬ ಮಾತನ್ನು ಮದುವೆಯ ಕಾರ್ಡಿನಲ್ಲೂ ಗೋಡೆಯ ಮೇಲೂ ನೋಡಿರುತ್ತೀರಿ. ಆದರೆ ಇಬ್ರಿಯರಿಗೆ ಬರೆದ ಪತ್ರದಲ್ಲಿ ಅದು ಬರುವುದು ಹಣದಾಸೆ ಬೇಡ, ಇದ್ದುದರಲ್ಲಿ ತೃಪ್ತರಾಗಿರಿ ಎನ್ನುವ ಜಾಗದಲ್ಲಿ.

ಹೀಗಾಗಿಯೇ ಆರಿಸಿದ ವಚನದ ಹಿಂದಿನ ಐದು, ಮುಂದಿನ ಐದು ವಚನಗಳನ್ನೂ ಓದಬೇಕು. ಯೆಶಾಯ 43:2 ನೀರನ್ನು ದಾಟುವಾಗ ಸಂಗಡ ಇರುತ್ತೇನೆ ಎನ್ನುತ್ತದೆ. ನೀರೇ ಬರುವುದಿಲ್ಲ ಎನ್ನುವುದಿಲ್ಲ. ಈ ವ್ಯತ್ಯಾಸ ಮೊದಲೇ ಗೊತ್ತಿದ್ದವರು ನೀರು ಬಂದಾಗ ನಂಬಿಕೆ ಕಳೆದುಕೊಳ್ಳುವುದು ಕಡಿಮೆ.

ವಚನವನ್ನು ಕೈಯಾರೆ ಒಂದು ಚೀಟಿಯಲ್ಲಿ ಬರೆಯಿರಿ. ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಒಂದು ನಿಮಿಷ ಸುಮ್ಮನೆ ಕೂತು, ‘ಕರ್ತನೇ, ಈ ದಿನವೂ ನೀನು ಇಲ್ಲಿದ್ದೀ’ ಎಂದು ಹೇಳಿ ಏಳಿ. ಒಟ್ಟು ಮೂರು ನಿಮಿಷ. ಉಪವಾಸ ಕೂಟದಿಂದ ಬಂದ ಹುರುಪಿನಲ್ಲಿ ಮೊದಲ ದಿನವೇ ಒಂದು ಗಂಟೆಯ ಹರಕೆ ಹೊತ್ತರೆ ಎರಡನೇ ವಾರ ತಪ್ಪುತ್ತದೆ. ತಪ್ಪಿದ ನಾಚಿಕೆಯಲ್ಲಿ ಮೂರು ನಿಮಿಷವೂ ನಿಂತುಹೋಗುತ್ತದೆ.

ಹಗಲಿನ ಮೂರು ನಿಲುಗಡೆ

ಬೆಳಿಗ್ಗೆ ಹೇಳಿದ್ದು ಹತ್ತು ಗಂಟೆಗೆ ಮರೆತಿರುತ್ತದೆ. ಅದು ಸಹಜ. ಹಗಲಿನಲ್ಲಿ ಮೂರು ಕಡೆ ಹತ್ತು ಹತ್ತು ಸೆಕೆಂಡು ನಿಲ್ಲುವ ರೂಢಿ ಬೇಕು. ಇದಕ್ಕೆ ಅಲಾರಂ ಇಟ್ಟರೆ ಉಪಯೋಗ ಕಡಿಮೆ, ಏಕೆಂದರೆ ಅದು ಬಡಿಯುವುದು ನಿಮ್ಮ ಕೈ ಬಿಡುವಿಲ್ಲದಿರುವಾಗಲೇ. ಕೆಲ ದಿನ ಕಳೆದರೆ ಕೈ ತಾನಾಗಿ ಅದನ್ನು ಆಫ್ ಮಾಡುತ್ತದೆ. ಅದರ ಬದಲು ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಗಂಟು ಹಾಕಿ: ಗಾಡಿಗೆ ಕೀಲಿ ಹಾಕುವಾಗ, ಊಟದ ಡಬ್ಬಿ ತೆರೆಯುವಾಗ, ಸಂಜೆ ಚಪ್ಪಲಿ ಬಿಡುವಾಗ. ಕಥೋಲಿಕ ದೇವಾಲಯಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಬಾರಿಸುವ ಪದ್ಧತಿಯೂ ಇದೇ ಕೆಲಸ ಮಾಡುತ್ತದೆ. ಗಂಟೆ ಕೇಳುವಷ್ಟು ಹತ್ತಿರ ಮನೆಯಿದ್ದರೆ ಅದನ್ನೇ ಬಳಸಿಕೊಳ್ಳಿ.

ಆ ಹತ್ತು ಸೆಕೆಂಡಿನಲ್ಲಿ ಹೇಳಲು ಕೀರ್ತನೆ 73:23 ಚೆನ್ನಾಗಿ ಒದಗುತ್ತದೆ. ಉಸಿರು ಒಳಗೆಳೆಯುತ್ತಾ ‘ಸದಾ ನಿನ್ನ ಸನ್ನಿಧಿಯಲ್ಲಿದ್ದೇನೆ’, ಬಿಡುತ್ತಾ ‘ನೀನು ನನ್ನ ಬಲಗೈ ಹಿಡಿದಿದ್ದೀ’. ತುಟಿ ಅಲುಗಬೇಕಿಲ್ಲ, ಕಣ್ಣು ಮುಚ್ಚಬೇಕಿಲ್ಲ. ಆ ಕೀರ್ತನೆಯನ್ನು ಪೂರ್ತಿ ಓದಿದರೆ ಇನ್ನೂ ಒಳ್ಳೆಯದು. ಕೆಟ್ಟವರು ಸುಖವಾಗಿದ್ದಾರೆ, ನಾನು ಶುದ್ಧನಾಗಿದ್ದು ವ್ಯರ್ಥವಾಯಿತು ಎಂದು ಹೊಟ್ಟೆ ಉರಿದುಕೊಂಡ ಮನುಷ್ಯನ ಬಾಯಿಂದಲೇ ಈ ವಚನ ಬಂದಿದೆ.

ಅರ್ಧ ದಿನ ಮರೆತೇಹೋದರೆ ತಪ್ಪಿದ ನಿಲುಗಡೆಗಳನ್ನು ಸೇರಿಸಿ ತೀರಿಸಲು ಹೋಗಬೇಡಿ. ಮುಂದಿನದಕ್ಕೆ ಬನ್ನಿ, ಅಷ್ಟೇ. 17ನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆ ದೇವರೊಂದಿಗೆ ಮಾತಾಡುತ್ತಿದ್ದವರು. ಮರೆತಾಗ ತಪ್ಪೊಪ್ಪಿಕೊಂಡು, ಗೋಳಾಡದೆ ಮತ್ತೆ ಶುರುಮಾಡುವುದೇ ಅವರ ಕ್ರಮ. ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆನೆಂದು ಅವರೇ ಬರೆದಿದ್ದಾರೆ.

ರಾತ್ರಿಯ ಹತ್ತು ನಿಮಿಷ

ಕಥೋಲಿಕ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ದಿನಾವಲೋಕನ ಇಂದಿಗೂ ದಿನ ಮುಗಿಸಲು ಒಳ್ಳೆಯ ದಾರಿ. ಮೊದಲು ದೇವರಿಗೆ ಸ್ತೋತ್ರ, ಆಮೇಲೆ ದಿನವನ್ನು ಸರಿಯಾಗಿ ನೋಡುವ ಬೆಳಕು ಕೊಡೆಂದು ಬೇಡಿಕೆ. ನಂತರ ಬೆಳಗಿನಿಂದ ರಾತ್ರಿಯವರೆಗೆ ಗಂಟೆ ಗಂಟೆಯಾಗಿ ನೆನಪಿಸಿಕೊಳ್ಳುವುದು. ಕೊನೆಗೆ ತಪ್ಪಿಗೆ ಕ್ಷಮೆ ಕೇಳಿ, ನಾಳೆಗೆ ಒಂದು ತೀರ್ಮಾನ. ನಾವು ಸಿಕ್ಕಿಹಾಕಿಕೊಳ್ಳುವುದು ಮೂರನೇ ಹಂತದಲ್ಲಿ. ಅಲ್ಲಿ ತಪ್ಪುಗಳ ಪಟ್ಟಿ ಮಾಡುತ್ತಾ ಕೂರುತ್ತೇವೆ. ‘ಇವತ್ತು ದೇವರು ಎಲ್ಲಿ ಎದುರಾದನು, ನಾನು ಎಲ್ಲಿ ಗಮನಿಸದೆ ದಾಟಿಹೋದೆ’ ಎಂದು ಕೇಳಿಕೊಂಡರೆ ದಿನ ಬೇರೆಯಾಗಿ ಕಾಣುತ್ತದೆ.

ಒಂದು ನೋಟುಪುಸ್ತಕದ ಎಡಪುಟದಲ್ಲಿ ತಾರೀಖಿನೊಂದಿಗೆ ನಿಮ್ಮ ಬೇಡಿಕೆ ಬರೆಯಿರಿ, ಬಲಪುಟ ಖಾಲಿ ಬಿಡಿ. ತಿಂಗಳಿಗೊಮ್ಮೆ ಹಿಂದಿರುಗಿ ನೋಡಿ, ಏನಾಯಿತೋ ಅದನ್ನು ಎದುರಿಗೆ ಬರೆಯಿರಿ. ‘ಇನ್ನೂ ಇಲ್ಲ’, ‘ಕೇಳಿದ್ದು ಸಿಗಲಿಲ್ಲ’ ಎಂಬುದನ್ನೂ ಬರೆಯಬೇಕು. ಒಳ್ಳೆಯದನ್ನು ಮಾತ್ರ ಬರೆದ ಪುಸ್ತಕದ ಮೇಲೆ ಕಷ್ಟದ ದಿನ ನಿಮಗೇ ನಂಬಿಕೆ ಹುಟ್ಟುವುದಿಲ್ಲ.

ಏನೂ ಕೇಳಿಸದ ದಿನಗಳು

ಇಲ್ಲಿಯೇ ಹೆಚ್ಚಿನವರು ಎಡವುವುದು. ಮೌನ ಕವಿದ ಕೂಡಲೇ ಯಾವುದೋ ಪಾಪಕ್ಕೆ ಶಿಕ್ಷೆ ಎಂದುಕೊಳ್ಳುತ್ತಾರೆ. ಮನಸ್ಸು ಒಂದು ನಿರ್ದಿಷ್ಟ ತಪ್ಪಿನತ್ತ ಬೆರಳು ಮಾಡುತ್ತಿದ್ದರೆ ಅದನ್ನು ಹೆಸರಿಟ್ಟು ಅರಿಕೆಮಾಡಿ, ಸರಿಪಡಿಸಬೇಕಾದ್ದನ್ನು ಸರಿಪಡಿಸಿ, 1 ಯೋಹಾನ 1:9ನ್ನು ನಂಬಿ ಮುಂದೆ ಹೋಗಿ. ಹೆಸರಿಲ್ಲದೆ ‘ನೀನು ಯೋಗ್ಯನಲ್ಲ’ ಎಂದು ಮಾತ್ರ ಕಾಡುತ್ತಿದ್ದರೆ ಅದಕ್ಕೆ ಕಿವಿಗೊಡಬೇಡಿ.

ಮೊದಲು ನೋಡಬೇಕಾದ್ದು ದೇಹ. 1 ಅರಸುಗಳು 19ರಲ್ಲಿ ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟನು. ಎಲೀಯ ಮತ್ತೆ ಮಲಗಿದನು, ದೂತನು ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಬಂದದ್ದು ಇಷ್ಟೆಲ್ಲ ಆದಮೇಲೆ. ನಿದ್ದೆಗೆಟ್ಟು, ಹೊತ್ತು ಹೊತ್ತಿಗೆ ಊಟ ಬಿಟ್ಟವರು ಮೊದಲು ಅದನ್ನು ಸರಿಮಾಡಿಕೊಳ್ಳಲಿ. ಎರಡು ವಾರವಾದರೂ ನಿದ್ದೆ, ಹಸಿವು, ಆಸಕ್ತಿ ಮರಳದಿದ್ದರೆ ಡಾಕ್ಟರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಕೂಡಲೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ.

ಎರಡನೆಯದು, ದೂರುವ ಪ್ರಾರ್ಥನೆ. ಕೀರ್ತನೆ 13ರಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಐಸಿಯು ಹೊರಗಿನ ಕುರ್ಚಿಯಲ್ಲಿ ರಾತ್ರಿ ಕಳೆಯುವವರ ಪ್ರಾರ್ಥನೆ ಹೀಗಿರಬಹುದು: ‘ಕರ್ತನೇ, ಇನ್ನೂ ಎಷ್ಟು ದಿನ? ಅಪ್ಪನ ಉಸಿರಾಟ ನೋಡೋಕಾಗ್ತಿಲ್ಲ. ಈ ರಾತ್ರಿ ಜ್ವರ ಇಳಿಸು, ಡಾಕ್ಟರಿಗೆ ದಾರಿ ತೋರಿಸು. ನಿನ್ನ ಪ್ರೀತಿಯನ್ನೇ ನಂಬಿ ಕೂತಿದ್ದೇನೆ.’ ಕೊನೆಯ ಸಾಲು ಬಾಯಿಗೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೀರ್ತನೆ 88 ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿ ಇದೆ.

ಈ ಒಣಗಾಲ ಎಷ್ಟು ದಿನವೆಂದು ಯಾರೂ ಹೇಳಲಾರರು. 1997ರಲ್ಲಿ ತೀರಿಕೊಂಡ ಮದರ್ ತೆರೇಸಾ ದಶಕಗಳ ಕಾಲ ದೇವರ ಸನ್ನಿಧಿಯ ಅನುಭವವಿಲ್ಲದೆ ಬದುಕಿದರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಆ ದಶಕಗಳಲ್ಲಿ ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಬಡವರ ಸೇವೆಯನ್ನೂ ಬಿಡಲಿಲ್ಲ. ನೀವೂ ಮೂರು ನಿಮಿಷ ಬಿಡಬೇಡಿ, ಭಾನುವಾರ ತಪ್ಪಿಸಬೇಡಿ. ನಿಮಗೆ ಹಾಡಲಾಗದಿದ್ದರೆ ಪಕ್ಕದವರು ಹಾಡುತ್ತಾರೆ. ಪ್ರಭುಭೋಜನಕ್ಕೆ ಕೈ ಚಾಚುವುದಷ್ಟೇ ಆದರೂ ಹೋಗಿ.

ತಾಯಿತವಲ್ಲ

ದೇವರು ಸಂಗಡ ಇದ್ದರೆ ಅಪಘಾತವಾಗುವುದಿಲ್ಲ, ಕೆಲಸ ಹೋಗುವುದಿಲ್ಲ ಎಂದು ಕಲಿಸುವವರಿದ್ದಾರೆ. ದೂತರು ನಿನ್ನನ್ನು ಕಾಯುತ್ತಾರೆ ಎನ್ನುವ ಕೀರ್ತನೆ 91:11-12ನ್ನು ಹಾಗೆ ಬಳಸಿದವನು ಸೈತಾನ. ದೇವಾಲಯದ ಶಿಖರದಿಂದ ಹಾರು ಎಂದಾಗ ಯೇಸು ಒಪ್ಪಲಿಲ್ಲ (ಮತ್ತಾಯ 4:5-7). ಆದಿಕಾಂಡ 39ರಲ್ಲಿ ಯೆಹೋವನು ಯೋಸೇಫನ ಸಂಗಡ ಇದ್ದನೆಂದು ನಾಲ್ಕು ಸಲ ಬರುತ್ತದೆ. ಎರಡು ಸಲ ಅವನು ಗುಲಾಮನಾಗಿದ್ದಾಗ, ಎರಡು ಸಲ ಸೆರೆಯಲ್ಲಿದ್ದಾಗ. ಜೊತೆಗೆ ಸೆರೆಯಲ್ಲಿದ್ದ ಅರಸನ ಪಾನದಾಯಕನು ಬಿಡುಗಡೆಯಾಗಿ ಅವನನ್ನು ಮರೆತ ಮೇಲೂ ಪೂರ್ತಿ ಎರಡು ವರ್ಷ ಸೆರೆಯ ಬಾಗಿಲು ತೆರೆಯಲಿಲ್ಲ.

ಬೇರೆಯವರ ಕಷ್ಟದ ಹೊತ್ತಿನಲ್ಲಿ

ಸಾವಿನ ಮನೆಗೆ, ಆಸ್ಪತ್ರೆಗೆ ಹೋದಾಗ ‘ದೇವರ ಚಿತ್ತ’ ಎಂದು ಬಾಗಿಲಲ್ಲೇ ಶುರುಮಾಡಬೇಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಬಳಿ ಕೂತದ್ದು ಸರಿಯಾಗಿತ್ತು, ಬಾಯಿ ತೆರೆದ ಮೇಲೆ ಕೆಟ್ಟಿತು. ಕಾಲು ಗಂಟೆ ಕೂತಿರಿ. ಅವರು ಮಾತಾಡಿದರೆ ಕೇಳಿ. ಓದಲೇ ಎಂದು ಕೇಳಿ, ಒಪ್ಪಿದರೆ ಕೀರ್ತನೆ 23ನ್ನು ನಿಧಾನವಾಗಿ ಓದಿ. ಅದಕ್ಕೆ ಒಂದು ನಿಮಿಷ ಸಾಕು, ಮೇಲೆ ವ್ಯಾಖ್ಯಾನ ಬೇಡ. ಏಳುವಾಗ ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ಬದಲು ‘ನಾಳೆ ರಾತ್ರಿಯ ಊಟ ನಾನು ತರ್ತೀನಿ, ಎಂಟು ಗಂಟೆಗೆ’ ಎಂದು ಹೇಳಿ, ಆ ಹೊತ್ತಿಗೆ ತನ್ನಿ.