ಕೊಡಗಿನಿಂದ ಕನ್ನೆಮರಾ ಗ್ರಂಥಾಲಯಕ್ಕೆ: ಹೊರಡುವ ಮುನ್ನ ಮಾಡಿಕೊಂಡ ಸಿದ್ಧತೆ

1860ರ ದಶಕದಲ್ಲಿ ಕೊಡಗಿನ ಕಾಫಿ ತೋಟಗಳನ್ನು ಹಾಳುಗೆಡವಿದ ಬಿಳಿ ಕಾಂಡಕೊರಕ ಎಂಬ ಕೀಟದ ಬಗ್ಗೆ ಬರೆಯಲು ತೊಡಗಿದಾಗ, ಜಿಲ್ಲೆಯೊಳಗೆ ಸಿಗುವ ಪುಸ್ತಕಗಳು ಒಂದು ಹಂತದವರೆಗೆ ಮಾತ್ರ ಒದಗಿದವು. ಈ ಪಿಡುಗಿನ ಕುರಿತು ಡಾ. ಜಾರ್ಜ್ ಬಿಡೀ ಅವರು ಸಿದ್ಧಪಡಿಸಿದ ವರದಿ 1869ರಲ್ಲಿ ಮದ್ರಾಸಿನಲ್ಲಿ ಅಚ್ಚಾದದ್ದರಿಂದ, ಆ ಕಾಲದ ಮುದ್ರಿತ ಸಾಮಗ್ರಿಯನ್ನು ಹುಡುಕಲು ಚೆನ್ನೈನ ಎಗ್ಮೋರಿನಲ್ಲಿರುವ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯವೇ ಸೂಕ್ತವೆನಿಸಿತು. 1896ರಲ್ಲಿ ತೆರೆದ ಈ ಗ್ರಂಥಾಲಯವು ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ಬಿಡೀ ಅವರೂ ಮುಂದೆ ಅದೇ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದರೆಂಬುದು ನನ್ನ ಉತ್ಸಾಹವನ್ನು ಇನ್ನಷ್ಟು ಹೆಚ್ಚಿಸಿತು.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಂಡೆ. ‘ಕಾಫಿಯ ಇತಿಹಾಸ’ ಎಂದು ಹೊರಟರೆ ಕಪಾಟುಗಳ ನಡುವೆಯೇ ಸಮಯ ಕಳೆದುಹೋಗುತ್ತದೆ. ಬಿಸಿಲಿಗೆ ತೆರೆದ ಅರೇಬಿಕಾ ಗಿಡಗಳಿಗೆ ಕಾಂಡಕೊರಕದ ಕಾಟ ಹೆಚ್ಚೆಂಬುದು ನಮ್ಮ ಬೆಳೆಗಾರರೆಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ, ನೆರಳಿನ ಮರಗಳನ್ನು ಕಡಿದಿದ್ದ ತೋಟಗಳು ಮತ್ತೆ ನೆರಳು ಬೆಳೆಸಲು ಯಾವಾಗ ಮುಂದಾದವು ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡೆ. 1870ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ರಿಕ್ಟರ್ ಅವರ ಕೊಡಗಿನ ಕೈಪಿಡಿಯನ್ನು ಊರಿನಲ್ಲೇ ಓದಿ ಮುಗಿಸಿದೆ. ಇಲ್ಲೇ ಸಿಗುವುದನ್ನು ಅಲ್ಲಿ ಹೋಗಿ ಓದುವುದು ಸಮಯದ ಅಪವ್ಯಯವೇ ಸರಿ.

ಬಳಿಕ ನೋಟ್‌ಬುಕ್ಕಿನ ಒಂದೊಂದು ಪುಟವನ್ನು ಒಂದೊಂದು ಪುಸ್ತಕಕ್ಕೆ ಮೀಸಲಿಟ್ಟು, ಮೇಲೆ ಲೇಖಕ, ಶೀರ್ಷಿಕೆ, ಮುದ್ರಣದ ವರ್ಷ ಮತ್ತು ಸ್ಥಳ, ಅದರ ಕೆಳಗೆ ನನಗೆ ಬೇಕಾದ ಸಂಗತಿ, ಬಲಗಡೆ ಕರೆಸಂಖ್ಯೆಗೆ (ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ಗ್ರಂಥಾಲಯದ ಸಂಖ್ಯೆ) ಖಾಲಿ ಜಾಗ ಎಂದು ಗೆರೆ ಎಳೆದುಕೊಂಡೆ. ಹಳೆಯ ಸೂಚಿಗಳಲ್ಲಿ ಮಡಿಕೇರಿ ‘ಮರ್ಕೇರಾ’ ಎಂದೂ ಕುಶಾಲನಗರ ‘ಫ್ರೇಸರ್‌ಪೇಟೆ’ ಎಂದೂ ದಾಖಲಾಗಿರುವ ಸಾಧ್ಯತೆ ಇರುವುದರಿಂದ ಆ ರೂಪಗಳನ್ನೂ ಮೊದಲೇ ಬರೆದುಕೊಂಡಿದ್ದೆ.

ದಿನ ಗೊತ್ತುಮಾಡುವುದು ನಮ್ಮವರಿಗೆ ಸುಲಭವಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಹಣ್ಣು ಕುಯ್ಲಿನ ಗಡಿಬಿಡಿ, ಅದರ ನಡುವೆ ತಮಿಳುನಾಡಿನಲ್ಲಿ ಪೊಂಗಲ್ ರಜೆಗಳು. ಅಕ್ಟೋಬರಿನಿಂದ ಚೆನ್ನೈಯಲ್ಲಿ ಹಿಂಗಾರು ಮಳೆ. ನಮ್ಮಲ್ಲಿ ಮುಂಗಾರು ಜೋರಾಗಿ ತೋಟದ ಕೆಲಸ ತಗ್ಗಿರುವ ಆಗಸ್ಟ್ ತಿಂಗಳನ್ನೇ ಆರಿಸಿದೆ. ಕೊಡಗಿಗೆ ರೈಲು ಇಲ್ಲದ ಕಾರಣ ಮೈಸೂರಿನವರೆಗೆ ಬಸ್ಸು, ಅಲ್ಲಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್. ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಬಹುದೆಂದು ಹಿಂದಿನ ದಿನವೇ ಮೈಸೂರು ಸೇರಿಕೊಂಡೆ.

ಹೊರಡುವ ಮುಂಚೆ ಗ್ರಂಥಾಲಯಕ್ಕೆ ಪತ್ರ ಬರೆದು ವಿಷಯ, ಬೇಕಾದ ಪುಸ್ತಕಗಳ ಪಟ್ಟಿ ಮತ್ತು ಬರುವ ದಿನಾಂಕಗಳನ್ನು ತಿಳಿಸಿದ್ದೆ. ಹಳೆಯ ಸಂಗ್ರಹದ ಪುಸ್ತಕಗಳು ಯಾರ ಸುಪರ್ದಿಯಲ್ಲಿವೆ, ಪುಟಗಳ ಫೋಟೋ ತೆಗೆಯಲು ಅನುಮತಿ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಯಾರೂ ಹೊರಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗುರುತಿನ ಚೀಟಿ, ಪರಿಚಯ ಪತ್ರ, ಪೆನ್ಸಿಲ್ಲುಗಳು ಚೀಲದಲ್ಲಿದ್ದವು. ಅಂಚು ಮುಟ್ಟಿದರೆ ಉದುರುವ ಕಾಗದದ ಹತ್ತಿರ ಶಾಯಿಯ ಪೆನ್ನು ತೆಗೆಯಲು ನನಗೆ ಮನಸ್ಸಾಗದು.

ಅಚ್ಚಾದ ಪುಸ್ತಕಗಳಷ್ಟೇ ಸಾಲದೆ ಬಿಡೀ ಅವರ ತನಿಖೆಯ ಹಿಂದಿನ ಸರ್ಕಾರಿ ಪತ್ರವ್ಯವಹಾರವೂ ಬೇಕೆಂದರೆ, ಅದನ್ನು ಹುಡುಕಬೇಕಾದದ್ದು ಗ್ರಂಥಾಲಯದಲ್ಲಲ್ಲ, ಎಗ್ಮೋರಿನಲ್ಲೇ ಇರುವ ತಮಿಳುನಾಡು ಪತ್ರಾಗಾರದಲ್ಲಿ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ, ಅನುಮತಿ ಕೈಸೇರಿದ ಬಳಿಕವೇ ರೈಲಿನ ಟಿಕೆಟ್ ಕಾಯ್ದಿರಿಸಿದೆ.